ಒಂದು ಕಥೆಗೆ ಹಲವು ನಾಲಗೆ

ಕಥೆಯನ್ನು ಹಾಡಿನಲ್ಲಿ ಹೇಳಬಹುದು, ಚಿತ್ರದಲ್ಲಿ ತೋರಿಸಬಹುದು, ರಂಗದ ಮೇಲೆ ಆಡಬಹುದು, ಪುಸ್ತಕವಾಗಿ ಅಚ್ಚು ಹಾಕಿಸಬಹುದು. ಇಷ್ಟನ್ನು ವಾಚಕರೆಲ್ಲರೂ ಬಲ್ಲರು. ಆದರೆ ಒಂದೇ ಕಥೆಯನ್ನು ತುಂಡುಗಳಾಗಿ ವಿಭಾಗಿಸಿ, ಒಂದು ತುಂಡನ್ನು ಹಾಡಿಗೂ ಇನ್ನೊಂದನ್ನು ಚಿತ್ರಕ್ಕೂ ಮತ್ತೊಂದನ್ನು ಪುಸ್ತಕಕ್ಕೂ ಹಂಚಿಕೊಟ್ಟು, ಇವೆಲ್ಲವನ್ನೂ ಕೂಡಿಸಿಕೊಳ್ಳುವ ಕೆಲಸವನ್ನು ಕೇಳುಗನಿಗೇ ಬಿಟ್ಟುಬಿಟ್ಟರೆ ಏನಾದೀತು? ಈ ಬಗೆಯ ಕಥನಕ್ಕೆ ಅಮೆರಿಕದ ವಿದ್ವಾಂಸ ಹೆನ್ರಿ ಜೆಂಕಿನ್ಸ್ ೨೦೦೩ರಲ್ಲಿ 'ಟ್ರಾನ್ಸ್‌ಮೀಡಿಯಾ' ಕಥನವೆಂಬ ಹೆಸರನ್ನು ಬಳಕೆಗೆ ತಂದರು. ನಾವು ಇದನ್ನು ಕನ್ನಡದಲ್ಲಿ ಮಾಧ್ಯಮಾಂತರ ಕಥನವೆಂದು ಕರೆಯೋಣ. ಹೆಸರು ಹೊಸದು, ಕ್ರಮವು ಹೊಸದಲ್ಲವೆಂಬುದನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುತ್ತಲಿನ ಹಳ್ಳಿಗಳನ್ನು ಕಂಡವರು ಒಪ್ಪಿಯಾರು.

ಮೊದಲು ಒಂದು ಭೇದವನ್ನು ಗಮನಿಸಬೇಕು. ರಾಮಾಯಣವನ್ನು ಕವಿಯು ಕಾವ್ಯವಾಗಿ ಬರೆದು, ಭಾಗವತನು ಅದನ್ನೇ ಬಯಲಾಟದಲ್ಲಿ ಹಾಡಿ, ಚಿತ್ರನಿರ್ಮಾಪಕನು ಅದನ್ನೇ ತೆರೆಯ ಮೇಲೆ ತೋರಿಸಿದರೆ ಅದು ಪುನರುಕ್ತಿ. ಮೂರರಲ್ಲಿ ಯಾವುದೊಂದನ್ನು ಕಂಡರೂ ಕಥೆ ಪೂರ್ತಿಯಾಗಿ ದೊರೆಯುತ್ತದೆ. ಮಾಧ್ಯಮಾಂತರ ಕಥನದಲ್ಲಿ ಹಾಗಲ್ಲ. ಪ್ರತಿಯೊಂದು ಮಾಧ್ಯಮವೂ ಇನ್ನೊಂದು ಹೇಳದೆ ಬಿಟ್ಟುದನ್ನು ಹೇಳುತ್ತದೆ. ಹಾಡನ್ನು ಮಾತ್ರ ಕೇಳಿದವನಿಗೆ ಏನೋ ಉಳಿದಿದೆಯೆಂಬ ಭಾವನೆ ಬರುತ್ತದೆ. ಆ ಉಳಿಕೆಯೇ ಅವನನ್ನು ಮುಂದಕ್ಕೆ ಎಳೆಯುವ ಸೂತ್ರ.

ಪಶ್ಚಿಮದ ಸಂಗೀತಗಾರರು ಈ ಸೂತ್ರವನ್ನು ಎಷ್ಟು ದೂರ ಎಳೆದರೆಂಬುದಕ್ಕೆ ಒಂದು ನಿದರ್ಶನವನ್ನು ಕೊಂಚ ವಿಸ್ತಾರವಾಗಿಯೇ ನೋಡಬಹುದು. ಅಮೆರಿಕದ 'ನೈನ್ ಇಂಚ್ ನೇಲ್ಸ್' ಎಂಬ ವಾದ್ಯವೃಂದವು ೨೦೦೭ರಲ್ಲಿ 'ಇಯರ್ ಜೀರೋ' ಎಂಬ ಗೀತಸಂಪುಟವನ್ನು ಹೊರತಂದಿತು. ಹದಿನೈದು ವರ್ಷಗಳ ಅನಂತರದ, ಸ್ವಾತಂತ್ರ್ಯವನ್ನು ಕಳೆದುಕೊಂಡ ಅಮೆರಿಕವೊಂದರ ಕಲ್ಪಿತ ಕಥೆ ಅದರ ವಸ್ತು. ಸಂಪುಟ ಹೊರಬರುವ ಮೊದಲೇ ಆ ವೃಂದದ ಪ್ರವಾಸದಲ್ಲಿ ಮಾರಿದ ಅಂಗಿಗಳ ಮೇಲಿನ ಅಕ್ಷರಗಳಲ್ಲಿ ಕೆಲವು ಮಾತ್ರ ಎದ್ದು ಕಾಣುವಂತಿದ್ದವು. ಅವನ್ನು ಕೂಡಿಸಿ ಓದಿದರೆ ಒಂದು ವಾಕ್ಯವಾಗುತ್ತಿತ್ತು, ಆ ವಾಕ್ಯವು ಕಥೆಯ ಮುಂದಿನ ತುಂಡಿಗೆ ದಾರಿ ತೋರಿಸುತ್ತಿತ್ತು. ಲಿಸ್ಬನ್ ನಗರದಲ್ಲಿ ಕಛೇರಿ ನಡೆದ ಮಂದಿರದ ಶೌಚಗೃಹದಲ್ಲಿ ಬೆರಳಿನಷ್ಟು ಸಣ್ಣ ಸ್ಮೃತಿಕೋಶವೊಂದು ಬಿದ್ದಿತ್ತು. ಅದರಲ್ಲಿ ಅದುವರೆಗೆ ಯಾರೂ ಕೇಳದ ಹಾಡೊಂದಿತ್ತು. ಅದು ಅಕಸ್ಮಾತ್ತಾಗಿ ಬಿದ್ದುದಲ್ಲ, ಬೇಕೆಂದೇ ಬಿಟ್ಟದ್ದು. ಕೊನೆಗೆ ಮಾರಾಟಕ್ಕೆ ಬಂದ ಧ್ವನಿಮುದ್ರಿಕೆಯೂ ಸುಮ್ಮನಿರಲಿಲ್ಲ. ಅದರ ಕಪ್ಪು ಮುಖವು ಯಂತ್ರದಲ್ಲಿ ತಿರುಗಿ ಬಿಸಿಯಾದೊಡನೆ ಬೆಳ್ಳಗಾಗಿ, ಸೊನ್ನೆ ಮತ್ತು ಒಂದುಗಳ ಸಾಲು ಹೊರಗೆ ಕಾಣುತ್ತಿತ್ತು. ಶಾಖಕ್ಕೆ ಬಣ್ಣ ಬದಲಿಸುವ ರಾಸಾಯನಿಕ ಲೇಪದ ಗುಣ ಅದು.

ಇವೆಲ್ಲಕ್ಕಿಂತ ವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸುವಂಥದು ಇನ್ನೊಂದುಂಟು. ಹಾಡೊಂದರ ತುದಿಯಲ್ಲಿ ಅರ್ಥವಿಲ್ಲದ ಕರಕರ ಸದ್ದಿತ್ತು. ಯಾವುದೇ ಶಬ್ದವನ್ನು ಅದರ ಅಂಗಭೂತವಾದ ಕಂಪನಾಂಕಗಳಾಗಿ ಬಿಡಿಸಬಹುದಷ್ಟೆ. ಕಾಲವನ್ನು ಅಡ್ಡಗೆರೆಯಲ್ಲಿಯೂ ಕಂಪನಾಂಕವನ್ನು ಉದ್ದಗೆರೆಯಲ್ಲಿಯೂ ಗುರುತಿಸಿ, ಶಬ್ದ ಜೋರಾದಲ್ಲಿ ಪ್ರಕಾಶವಾಗಿಯೂ ಕ್ಷೀಣವಾದಲ್ಲಿ ಮಸುಕಾಗಿಯೂ ಬರೆದರೆ ದೊರೆಯುವ ನಕ್ಷೆಗೆ ಧ್ವನಿರೋಹಿತವೆಂದು ಹೆಸರು. ಕೇಳುಗರು ಆ ಕರಕರ ಸದ್ದಿನ ರೋಹಿತವನ್ನು ಗಣಕಯಂತ್ರದಲ್ಲಿ ಬರೆಯಿಸಿ ನೋಡಿದಾಗ, ಆಕಾಶದಿಂದ ಕೆಳಕ್ಕೆ ಚಾಚಿದ ಕೈಯೊಂದರ ಆಕೃತಿ ಮೂಡಿಬಂದಿತು. ಕಿವಿಗೆ ಗದ್ದಲವಾದದ್ದು ಕಣ್ಣಿಗೆ ಕಥೆಯಾಯಿತು!

ಕೊರಿಯದ 'ಬಿ.ಟಿ.ಎಸ್.' ಎಂಬ ಏಳು ತರುಣರ ಗಾಯಕವೃಂದವು ೨೦೧೫ರಿಂದೀಚೆಗೆ ಇದೇ ಕ್ರಮವನ್ನು ಇನ್ನೂ ಮೃದುವಾಗಿ ನಡೆಸಿಕೊಂಡು ಬಂದಿತು. ಗೆಳೆಯರನ್ನು ಉಳಿಸಿಕೊಳ್ಳಲು ಕಾಲದಲ್ಲಿ ಹಿಂದಕ್ಕೆ ಮತ್ತೆ ಮತ್ತೆ ಸರಿಯುವ ಯುವಕನೊಬ್ಬನ ಕಥೆಯ ಕೆಲವು ನೋಟಗಳು ಹಾಡಿನ ಚಿತ್ರಗಳಲ್ಲಿದ್ದರೆ, ಕೆಲವು ಪುಟಗಳು ಧ್ವನಿಮುದ್ರಿಕೆಯ ಜೊತೆಗಿಟ್ಟ ಸಣ್ಣ ಪುಸ್ತಿಕೆಗಳಲ್ಲಿದ್ದವು. ೨೦೧೯ರಲ್ಲಿ ಅದು ಚಿತ್ರಕಥೆಯಾಗಿಯೂ ಗ್ರಂಥವಾಗಿಯೂ ಬಂದಿತು. ಸೇಡಮ್ಮಿನ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿನಿಗೆ ಈ ಏಳು ಹೆಸರುಗಳೂ ಬಾಯಿಪಾಠವಾಗಿದ್ದರೆ ನಮಗೆ ಆಶ್ಚರ್ಯವಿಲ್ಲ. ಆದರೆ ಅವಳ ಊರಿನ ಅಲಾಯಿ ಕುಣಿಯ ಸುತ್ತ ಇದಕ್ಕಿಂತ ಎಷ್ಟೋ ಹಳೆಯದಾದ ಅದೇ ವಿದ್ಯೆ ನಡೆಯುತ್ತಿರುವುದು ಅವಳ ಗಮನಕ್ಕೆ ಬಂದಿದೆಯೋ ಇಲ್ಲವೋ!

ಈ ಸೀಮೆಗೆ ಕಥೆಯನ್ನು ಹಂಚಿ ಹೇಳುವುದು ಬಹು ಹಿಂದಿನ ಅಭ್ಯಾಸ. ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯ ಸನ್ನತಿಯ ಬಳಿ ಕನಗನಹಳ್ಳಿಯೆಂಬ ಊರಿದೆ. ಅಲ್ಲಿ ೧೯೯೪ರಿಂದ ನಡೆದ ಉತ್ಖನನದಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಬೌದ್ಧಸ್ತೂಪವೊಂದು ಹೊರಬಿದ್ದಿತು. ಅದರ ಸುಣ್ಣಕಲ್ಲಿನ ಫಲಕಗಳ ಮೇಲೆ ಜಾತಕಕಥೆಗಳನ್ನು ಕೆತ್ತಿ, ಅವುಗಳಿಗೆ ಬ್ರಾಹ್ಮೀ ಲಿಪಿಯಲ್ಲಿ ಹೆಸರು ಬರೆದಿದ್ದಾರೆ. ಅಶೋಕನ ಶಿಲ್ಪಕ್ಕೆ ಅವನ ಹೆಸರನ್ನೇ ಕೆತ್ತಿರುವುದು ಲೋಕಪ್ರಸಿದ್ಧವಾಗಿದೆ. ಇಲ್ಲಿ ಅಕ್ಷರವು ಹೇಳುವುದು ಹೆಸರನ್ನು ಮಾತ್ರ. ಕಲ್ಲು ತೋರಿಸುವುದು ಒಂದೆರಡು ಗಳಿಗೆಯನ್ನು ಮಾತ್ರ. ಮಿಕ್ಕ ಕಥೆ ನೋಡುವವನ ನೆನಪಿನಲ್ಲಿರಬೇಕು, ಇಲ್ಲವೆ ಹೇಳುವವನ ಬಾಯಿಯಿಂದ ಬರಬೇಕು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ಆಸ್ಥಾನದಲ್ಲಿ ಕ್ರಿ.ಶ. ೮೫೦ರ ಸುಮಾರಿಗೆ ಹುಟ್ಟಿದ ಕವಿರಾಜಮಾರ್ಗವು, ಓದು ಬರಹವಿಲ್ಲದ ಜನರೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಈ ನಾಡಿನವರನ್ನು ಹೊಗಳಿತು. ಆ ಹೊಗಳಿಕೆಯನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವವರು ಮೊಹರಂ ತಿಂಗಳಿನಲ್ಲಿ ಒಂದು ರಾತ್ರಿ ಇಲ್ಲಿಗೆ ಬರಬೇಕು.

ಕರ್ಬಲಾದ ಕಥೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗಿದೆ. ಹಿಜರಿ ೬೧ನೆಯ ವರ್ಷದ ಮೊಹರಂ ತಿಂಗಳ ಹತ್ತನೆಯ ದಿನ, ಎಂದರೆ ಕ್ರಿ.ಶ. ೬೮೦ರ ಅಕ್ಟೋಬರಿನಲ್ಲಿ, ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಇಂದಿನ ಇರಾಕಿನ ಕರ್ಬಲಾ ಬಯಲಿನಲ್ಲಿ ಯಜೀದನ ದೊಡ್ಡ ಸೈನ್ಯಕ್ಕೆ ಎದುರಾಗಿ, ಬೆರಳೆಣಿಕೆಯ ಸಂಗಡಿಗರೊಡನೆ ಮಡಿದರು. ಸಂಗಡಿಗರ ಸಂಖ್ಯೆಯನ್ನು ಪರಂಪರೆಯು ೭೨ ಎಂದು ಹೇಳುತ್ತದೆ. ಯೂಫ್ರೆಟೀಸ್ ನದಿಯು ಹತ್ತಿರದಲ್ಲಿಯೇ ಹರಿಯುತ್ತಿದ್ದರೂ ಅವರಿಗೆ ನೀರು ದೊರೆಯದಂತೆ ಶತ್ರುಗಳು ತಡೆದಿದ್ದರು. ನಿಶಾನೆ ಹಿಡಿದ ಅಬ್ಬಾಸರು ನೀರು ತರಹೋಗಿ ಎರಡು ಕೈಗಳನ್ನೂ ಕಳೆದುಕೊಂಡರು. ತರುಣ ಕಾಸಿಮನು ಮದುವೆಯಾದ ಮರುಗಳಿಗೆಯಲ್ಲಿಯೇ ರಣರಂಗಕ್ಕೆ ಹೋದನೆಂದು ಜನಪದವು ನಂಬುತ್ತದೆ.

ಈ ಕಥೆ ದಖನ್ನಿಗೆ ಬಂದು ನೆಲೆಸುವುದಕ್ಕೆ ಬಿಜಾಪುರದ ಆದಿಲಶಾಹಿ, ಗೋಲ್ಕೊಂಡದ ಕುತುಬಶಾಹಿ ಆಸ್ಥಾನಗಳ ಆಶ್ರಯವು ಸಹಾಯಕವಾಯಿತು. ಗೋಲ್ಕೊಂಡದ ಅರಸ ಮಹಮ್ಮದ್ ಕುಲಿ ಕುತುಬಶಾಹನು ತಾನೇ ದಖನಿ ಭಾಷೆಯಲ್ಲಿ ಶೋಕಗೀತೆಗಳನ್ನು ಬರೆದನು. ಆದರೆ ಹಳ್ಳಿಗೆ ಬಂದ ಮೇಲೆ ಕಥೆಯು ಆಸ್ಥಾನವನ್ನು ಮರೆತುಬಿಟ್ಟಿತು. ಸೇಡಂ, ಚಿಂಚೋಳಿಗಳ ಪೂರ್ವಕ್ಕೆ ತೆಲುಗರು ಅದನ್ನು ಪೀರ್ಲ ಪಂಡುಗವಾಗಿ ಆಚರಿಸಿದರೆ, ಈಚೆಗೆ ಕನ್ನಡಿಗರು ಅಲಾಯಿ ಹಬ್ಬವೆಂದರು. ಮುಸಲ್ಮಾನರ ಮನೆ ಒಂದೂ ಇಲ್ಲದ ಊರುಗಳಲ್ಲಿಯೂ ಉತ್ತರ ಕರ್ನಾಟಕದ ಜನ ಈ ಹಬ್ಬವನ್ನು ಬಿಟ್ಟಿಲ್ಲ.

ಇಲ್ಲಿ ಕಥೆಯ ಹಂಚಿಕೆ ಹೇಗಾಗಿದೆಯೆಂಬುದೇ ನಮ್ಮ ಮುಖ್ಯ ವಿಷಯ. ವರ್ಷವೆಲ್ಲ ಪೆಟ್ಟಿಗೆಯಲ್ಲಿರುವ ಪಂಜಾವನ್ನು, ಎಂದರೆ ಕೈಯ ಆಕಾರದ ಲೋಹದ ಲಾಂಛನವನ್ನು, ಹೊರತೆಗೆದು ಬೆಳಗಿ, ಬಣ್ಣದ ಬಟ್ಟೆ ಉಡಿಸಿ, ಮಸೀದೆಯಲ್ಲಿಯೋ ಆಶೂರಖಾನೆಯಲ್ಲಿಯೋ ಸ್ಥಾಪಿಸುತ್ತಾರೆ. ಐದು ಬೆರಳುಗಳು ಪ್ರವಾದಿ, ಅಲಿ, ಫಾತಿಮಾ, ಹಸನ್, ಹುಸೇನ್ ಎಂಬ ಐವರನ್ನು ಸೂಚಿಸುತ್ತವೆ. ಅಬ್ಬಾಸರ ಕಡಿದ ಕೈಯನ್ನು ನೆನೆಯುವವರೂ ಉಂಟು. ಲೋಹವು ಪಾತ್ರವನ್ನು ನಿಲ್ಲಿಸುತ್ತದೆ; ಮಾತಾಡುವುದಿಲ್ಲ. ದಾಹದ ಪ್ರಸಂಗವನ್ನು ಯಾರೂ ವರ್ಣಿಸಬೇಕಾಗಿಲ್ಲ, ಬಂದವರಿಗೆಲ್ಲ ಕೊಡುವ ಶರಬತ್ತಿನ ಲೋಟವೇ ಅದನ್ನು ಹೇಳುತ್ತದೆ. ಬಯಲಿನ ಬೇಗೆಯನ್ನು ಅಲಾಯಿ ಕುಣಿಯ ಬೆಂಕಿ ಹೇಳುತ್ತದೆ. ಹತ್ತನೆಯ ದಿನ ದೇವರು ಹೊಳೆಗೋ ಬಾವಿಗೋ ಹೊರಟಾಗ ಊರಿನ ಓಣಿಗಳೇ ಕರ್ಬಲಾದ ದಾರಿಯಾಗುತ್ತವೆ. ಹಾಗಾದರೆ ಹಾಡಿಗೆ ಉಳಿದುದೇನು?

ಹಾಡಿಗೆ ಉಳಿದುದು ಒಳಗಿನ ಮಾತು. ಈ ಹಾಡುಗಳನ್ನು ರಿವಾಯತ ಪದಗಳೆನ್ನುತ್ತಾರೆ. ರಿವಾಯತವೆಂದರೆ ಪರಂಪರೆಯಿಂದ ಬಂದ ವೃತ್ತಾಂತ. ತಾಯಿಯ ಅಳಲು, ಹೊಸ ಮದುವಣಗಿತ್ತಿಯ ಪ್ರಶ್ನೆ, ನೀರಿಗೆ ಹೋದವನಿಗಾಗಿ ಕಾದ ಮಕ್ಕಳ ನಿರೀಕ್ಷೆ, ಇವುಗಳನ್ನು ಲೋಹವೂ ಬೆಂಕಿಯೂ ಹೇಳಲಾರವು. ಮೇಳದ ಮುಂದಾಳು ನುಡಿಯನ್ನು ಎತ್ತಿಕೊಟ್ಟರೆ ಹಿಮ್ಮೇಳದವರು ಪಲ್ಲವನ್ನು ತಿರುಗಿ ಹಾಡುತ್ತಾರೆ. ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದು ಸಾಲಾಗಿ ಕುಣಿಯುವ ಹೆಜ್ಜೆಮೇಳವೂ ಇದರೊಡನೆಯೇ ಸಾಗುತ್ತದೆ. ಪಲ್ಲವನ್ನು ಮತ್ತೆ ಮತ್ತೆ ಹಾಡುವುದು ಬರಿಯ ಅಲಂಕಾರಕ್ಕಲ್ಲ. ಅಷ್ಟರೊಳಗೆ ಮುಂದಾಳಿಗೆ ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳಲು ಬಿಡುವು ದೊರೆಯುತ್ತದೆ. ಹೆಜ್ಜೆಯು ಮಾತ್ರೆಗಳನ್ನು ಎಣಿಸುವ ಗಡಿಯಾರ. ಸಾಲಿನಲ್ಲಿ ಒಂದು ಪದ ಬಿಟ್ಟುಹೋದರೆ ಕಾಲಿಗೆ ಮೊದಲು ತಿಳಿಯುತ್ತದೆ, ಆಮೇಲೆ ಕಿವಿಗೆ.

ವಾದ್ಯಕ್ಕೂ ಬೆಂಕಿಗೂ ಇರುವ ಸಂಬಂಧವನ್ನು ಇಲ್ಲಿಯೇ ಹೇಳಿಬಿಡುವೆವು. ಹಲಗೆ ಬಾರಿಸುವವರು ನಡುನಡುವೆ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುವುದುಂಟು. ಚರ್ಮವು ಗಾಳಿಯ ತೇವವನ್ನು ಹೀರಿಕೊಂಡರೆ ಸಡಿಲವಾಗುತ್ತದೆ, ಭಾರವೂ ಆಗುತ್ತದೆ. ಎರಡರಿಂದಲೂ ಕಂಪನಾಂಕ ಇಳಿದು ನಾದ ಮಂದವಾಗುತ್ತದೆ. ಕಾಯಿಸಿದಾಗ ತೇವ ಆರಿ ಬಿಗಿ ಏರುತ್ತದೆ. ಕಂಪನಾಂಕವು ಬಿಗಿಯ ವರ್ಗಮೂಲಕ್ಕೆ ಅನುಗುಣವಾದುದರಿಂದ, ಸ್ವರವು ಇಮ್ಮಡಿ ಏರಬೇಕಾದರೆ ಬಿಗಿಯು ನಾಲ್ಕುಮಡಿಯಾಗಬೇಕು. ಚಾಂದ್ರಮಾನದ ಹಿಜರಿ ವರ್ಷಕ್ಕೆ ೩೫೪ ಇಲ್ಲವೆ ೩೫೫ ದಿನಗಳು ಮಾತ್ರ. ಆದಕಾರಣ ಹಬ್ಬವು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಸುಮಾರು ೩೩ ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಬಾಲ್ಯದಲ್ಲಿ ಮಳೆಗಾಲದ ಅಲಾಯಿಯನ್ನು ಕಂಡವನು ನಡುವಯಸ್ಸಿನಲ್ಲಿ ಅದನ್ನೇ ಬಿರುಬೇಸಗೆಯಲ್ಲಿ ಕಾಣಬಹುದು. ಹಲಗೆಯ ನಾದವೂ ಬೇರೆಯಾಗಿರುತ್ತದೆ. ಇನ್ನು ಕೆಂಡದ ಮೇಲೆ ನಡೆಯುವವರ ಮಾತು. ಇದ್ದಿಲು ಶಾಖವನ್ನು ಬಹು ನಿಧಾನವಾಗಿ ಸಾಗಿಸುವ ವಸ್ತು. ಮೇಲೆ ಬೂದಿಯ ಪದರವೂ ಇರುತ್ತದೆ. ಪಾದವು ತಗಲುವುದು ಕ್ಷಣಕಾಲ. ಭಕ್ತಿಯನ್ನು ಭೌತವಿಜ್ಞಾನವು ಅಳೆಯಲಾರದು, ಶಾಖವಾಹಕತೆಯನ್ನು ಅಳೆಯಬಲ್ಲುದು. ಹಾಗೆಂದು ಮೈಮರೆತು ನಿಂತವನನ್ನು ಕೆಂಡವು ಬಿಟ್ಟೀತೆಂದು ಯಾರೂ ತಿಳಿಯಬಾರದು.

ರಿವಾಯತದ ಜೀವಾಳವಿರುವುದು ಸವಾಲು ಜವಾಬಿನಲ್ಲಿ. ಒಂದು ಮೇಳ ಹಾಡಿನಲ್ಲಿಯೇ ಪ್ರಶ್ನೆಯೊಂದನ್ನು ಒಡ್ಡುತ್ತದೆ. ನಿಶಾನೆ ಯಾರ ಕೈಯಲ್ಲಿತ್ತು, ನೀರಿಗೆ ಹೋದವನ ಹಿಂದೆ ಯಾರಿದ್ದರು, ಎಂಬಂಥ ಪ್ರಶ್ನೆಗಳು. ಎದುರು ಮೇಳವು ಹಾಡಿನಲ್ಲಿಯೇ ಉತ್ತರಿಸಬೇಕು. ಉತ್ತರ ಹೊಳೆಯದಿದ್ದರೆ ಸೋತಂತೆ. ಪ್ರಶ್ನೆಗಳು ಕರ್ಬಲಾದಲ್ಲಿಯೇ ನಿಲ್ಲುವುದಿಲ್ಲ. ಅಭಿಮನ್ಯುವಿನ ಬಳಿಗೂ ಹೋಗುತ್ತವೆ. ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದ ಹುಡುಗನನ್ನೂ ಕಾಸಿಮನನ್ನೂ ಒಂದೇ ರಾತ್ರಿಯಲ್ಲಿ ನೆನೆಯುವುದರಲ್ಲಿ ಈ ಜನಕ್ಕೆ ವಿಚಿತ್ರವೇನೂ ತೋರುವುದಿಲ್ಲ. ಸುತ್ತ ಕುಳಿತವರು ಬರಿಯ ಶ್ರೋತೃಗಳಲ್ಲ, ತೀರ್ಪುಗಾರರು. ಲಿಸ್ಬನ್ನಿನ ರಸಿಕರು ಸ್ಮೃತಿಕೋಶವನ್ನು ಹುಡುಕಿ ಒಗಟು ಬಿಡಿಸಿದುದಕ್ಕೂ ಇದಕ್ಕೂ ಮೂಲದಲ್ಲಿ ಭೇದವಿಲ್ಲ: ಎರಡರಲ್ಲಿಯೂ ಹಾಡುಗಾರನು ಕಥೆಯಲ್ಲಿ ಬೇಕೆಂದೇ ಸಂದು ಬಿಡುತ್ತಾನೆ, ಕೇಳುವವನು ಅದನ್ನು ತುಂಬಿ ಕಥೆಗೆ ಪಾಲುದಾರನಾಗುತ್ತಾನೆ. ಭೇದವಿರುವುದು ಒಂದರಲ್ಲಿ. ಅಲ್ಲಿ ಸಂದುಗಳನ್ನು ಯೋಜಿಸಿದವರಿಗೆ ಉತ್ತರವೆಲ್ಲ ಮೊದಲೇ ತಿಳಿದಿತ್ತು; ಇಲ್ಲಿ ಉತ್ತರಗಳು ಊರೂರಿನ ಹಿರಿಯರ ತಲೆಯಲ್ಲಿ ಚೆದರಿಹೋಗಿವೆ. ನಮಗೆ ಇಲ್ಲಿಯದೇ ಹೆಚ್ಚು ಧೈರ್ಯದ ಆಟವಾಗಿ ತೋರುತ್ತದೆ.

ಯಂತ್ರಗಳು ಬಂದ ಮೇಲೆ ಏನಾಯಿತು? ಹತ್ತು ಅಂಗುಲದ ಗ್ರಾಮಫೋನ್ ತಟ್ಟೆಯು ನಿಮಿಷಕ್ಕೆ ೭೮ ಸುತ್ತು ತಿರುಗಿದರೆ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ರಾತ್ರಿಯಿಡೀ ಬೆಳೆಯುವ ಪದಕ್ಕೆ ಅದು ಸೇರಿನಲ್ಲಿ ಸಮುದ್ರವನ್ನು ಅಳೆದಂತೆ. ೧೯೬೬ರಲ್ಲಿ ಆಕಾಶವಾಣಿಯ ಕೇಂದ್ರ ಕಲಬುರಗಿಗೆ ಬಂದಿತು. ೧೯೬೩ರಲ್ಲಿ ಯುರೋಪಿನಲ್ಲಿ ಹುಟ್ಟಿದ ಕ್ಯಾಸೆಟ್ಟು ಎಂಬತ್ತರ ದಶಕದಲ್ಲಿ ನಮ್ಮ ಸಂತೆಗಳಿಗೆ ಇಳಿದಾಗ, ಒಂದು ಮಗ್ಗುಲಿಗೆ ಅರ್ಧ ಗಂಟೆಯ ಅವಕಾಶ ದೊರೆಯಿತು. ಮೊಹರಂ ಪದಗಳೂ ಕ್ಯಾಸೆಟ್ಟಿಗೆ ಏರಿದವು.

ಈ ಕಾಲದ ಇನ್ನೊಂದು ದೊಡ್ಡ ಪಯಣ ಶಿಶುನಾಳ ಷರೀಫರದು. ೧೮೧೯ರಿಂದ ೧೮೮೯ರವರೆಗೆ ಬಾಳಿದ ಷರೀಫರು ತತ್ತ್ವಪದಗಳ ಜೊತೆಗೆ ಮೊಹರಮ್ಮಿನ ಪದಗಳನ್ನೂ ರಚಿಸಿದವರು. ಭಜನೆಯ ಮನೆಗಳಲ್ಲಿದ್ದ ಅವರ ಪದಗಳನ್ನು ಸಿ. ಅಶ್ವತ್ಥರು ಸುಗಮಸಂಗೀತದ ವೇದಿಕೆಗೂ ಕ್ಯಾಸೆಟ್ಟಿಗೂ ತಂದರು, ೧೯೯೦ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ 'ಸಂತ ಶಿಶುನಾಳ ಷರೀಫ' ಚಿತ್ರಕ್ಕೆ ಅಶ್ವತ್ಥರದೇ ಸಂಗೀತ. ಹಾಡುಗಳನ್ನು ಮೊದಲೇ ಬಲ್ಲವರಿಗೆ ಆ ಚಿತ್ರವು ಹಾಡಿನಲ್ಲಿಲ್ಲದ ಬದುಕನ್ನು, ಗುರು ಗೋವಿಂದ ಭಟ್ಟರ ಸಂಗವನ್ನು ಕಣ್ಣ ಮುಂದೆ ನಿಲ್ಲಿಸಿತು. ಇದು ಪುನರುಕ್ತಿಯಲ್ಲ, ಒಂದು ಮಟ್ಟಿಗೆ ಪೂರಣ. ಆದರೂ ಈ ಮೆರವಣಿಗೆಯಲ್ಲಿ ಷರೀಫರ ತತ್ತ್ವಪದಗಳು ನಾಡಿನ ಮನೆಮಾತಾದಷ್ಟು ಅವರ ಕರ್ಬಲಾ ಪದಗಳು ಆಗಲಿಲ್ಲ. ತತ್ತ್ವಪದವು ತನ್ನೊಳಗೇ ಪೂರ್ಣವಾದ ಹಾಡು. ತಟ್ಟೆಯಲ್ಲಿಟ್ಟು ಎಲ್ಲಿಗಾದರೂ ಒಯ್ಯಬಹುದು. ಅಲಾಯಿ ಪದಕ್ಕೆ ಕುಣಿಯೂ ಹೆಜ್ಜೆಯೂ ಎದುರುಮೇಳವೂ ಬೇಕು. ಅರ್ಧ ಕಥೆಯನ್ನು ಹೊರಗೆ ಇಟ್ಟುಕೊಂಡ ಹಾಡು ಒಂಟಿಯಾಗಿ ದೂರ ಹೋಗಲಾರದೆಂದು ನಮ್ಮ ಅಭಿಪ್ರಾಯ.

ಈಗ ಪದಗಳು ಮೊಬೈಲಿಗೂ ಯೂಟ್ಯೂಬಿಗೂ ಬಂದಿವೆ. ವಾಡಿಯ ಜಂಕ್ಷನ್ನಿನಿಂದ ಹೈದರಾಬಾದಿನ ಕಡೆಗೆ ೧೮೭೪ರಲ್ಲಿಯೇ ರೈಲು ಓಡಿತು. ಆ ಹಳಿಗಳ ಮೇಲೆಯೇ ಈ ತಾಲ್ಲೂಕುಗಳ ದುಡಿಯುವ ಜನ ಮುಂಬಯಿಗೆ, ಪುಣೆಗೆ, ಹೈದರಾಬಾದಿಗೆ ಹೋಗುತ್ತಾರೆ. ಕಟ್ಟಡದ ಕೆಲಸದಲ್ಲಿರುವ ಚಿಂಚೋಳಿಯ ಹುಡುಗನಿಗೆ ತನ್ನೂರಿನ ಮೇಳದ ಸ್ವರ ಕಿಸೆಯಲ್ಲಿಯೇ ಸಿಕ್ಕುವುದು ಸಣ್ಣ ಲಾಭವಲ್ಲ. ಆದರೆ ಅವನಿಗೆ ಸಿಕ್ಕುವುದು ಎರಡು ನಿಮಿಷದ ತುಣುಕು. ಸವಾಲು ಒಂದು ತುಣುಕಿನಲ್ಲಿ ಉಳಿದರೆ ಜವಾಬು ಯಾರೂ ಹಿಡಿಯದೆ ಗಾಳಿಗೆ ಹೋಗಿರುತ್ತದೆ. ಇದರ ಮೇಲೆ ಮತ್ತೊಂದು ಒತ್ತಡವುಂಟು. ಅಲಾಯಿಯು ಶುದ್ಧ ಇಸ್ಲಾಮಲ್ಲವೆಂದು ಕೆಲವು ಮುಸಲ್ಮಾನರೂ, ನಮ್ಮದಲ್ಲವೆಂದು ಕೆಲವು ಹಿಂದೂಗಳೂ ದೂರ ಸರಿಯುತ್ತಾರೆ. ನಂಬುವುದೂ ಬಿಡುವುದೂ ಅವರವರ ಹಕ್ಕು. ಆದರೆ ಒಂದು ಮೇಳ ಎದ್ದುಹೋದರೆ ಉಳಿದ ಮೇಳವು ಸವಾಲನ್ನು ಯಾರಿಗೆ ಹಾಕಬೇಕು? ಐದು ಮಾಧ್ಯಮಗಳಿಗೆ ಹಂಚಿದ ಕಥೆಯಲ್ಲಿ ಒಂದು ಕಳಚಿದರೆ ಹೋಗುವುದು ಐದನೆಯ ಒಂದು ಪಾಲಲ್ಲ. ಮಿಕ್ಕ ನಾಲ್ಕೂ ಅಷ್ಟರಮಟ್ಟಿಗೆ ಅರ್ಥವನ್ನು ಕಳೆದುಕೊಳ್ಳುತ್ತವೆ.

ಈ ತಾಲ್ಲೂಕುಗಳ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಪದಗಳನ್ನು ಹಿಡಿಯಬಯಸಿದರೆ ಒಂದೆರಡು ಸಂಗತಿಗಳನ್ನು ಗಮನದಲ್ಲಿಡಬಹುದು. ಹಾಡುವವರ ಒಪ್ಪಿಗೆಯನ್ನು ಮೊದಲು ಕೇಳತಕ್ಕದ್ದು. ಹಲಗೆಯ ಎದುರಿಗೆ ನಿಲ್ಲಬಾರದು: ಅದರ ಪೆಟ್ಟು ಧ್ವನಿಗ್ರಾಹಕದ ಮಿತಿಯನ್ನು ದಾಟಿದರೆ ತರಂಗದ ತುದಿಗಳು ಕತ್ತರಿಸಿಹೋಗಿ, ಆ ಗಳಿಗೆಯ ಮಾತು ಯಾವ ಉಪಾಯದಿಂದಲೂ ಮರಳಿ ಬಾರದು. ಎರಡು ಮೇಳಗಳ ನಡುವೆ, ಹಲಗೆಗೆ ಬೆನ್ನು ಬರುವಂತೆ, ಹಾಡುವವರ ಬಾಯಿಗೆ ಮೂರು ನಾಲ್ಕು ಮೊಳ ದೂರದಲ್ಲಿ ನಿಂತರೆ ಸವಾಲೂ ಜವಾಬೂ ಒಂದೇ ಮುದ್ರಿಕೆಯಲ್ಲಿ ಬರುತ್ತವೆ. ಹಾಡು ಮುಗಿದೊಡನೆ ಯಂತ್ರವನ್ನು ನಿಲ್ಲಿಸಬಾರದು. ಉತ್ತರ ಸರಿಯೋ ತಪ್ಪೋ ಎಂದು ಕುಳಿತವರು ವಾದಿಸುವುದು ಆಗಲೇ. ಹಾಡಿನಲ್ಲಿ ಇಲ್ಲದ ಎಷ್ಟೋ ಕಥೆ ಆ ವಾದದಲ್ಲಿ ಕೇಳಸಿಗುತ್ತದೆ.